ಎಳೆಯ ಕುದುರೆಗೆ ಕಡಿವಾಣ: ಲಾಯಕ್ಕೇ ಬಂದು ಕಲಿಸುವ ಮೈಸೂರಿನ ಉಸ್ತಾದರೊಬ್ಬರ ಸೇವೆಯ ವಿಮರ್ಶೆ

ಎಳೆಯ ಕುದುರೆ ಇರುವ ಲಾಯಕ್ಕೇ ಬಂದು, ಅದಕ್ಕೆ ಕಡಿವಾಣವನ್ನು ಒಗ್ಗಿಸಿ, ಆ ಕೆಲಸವನ್ನು ಒಡೆಯರಿಗೂ ಲಾಯ ನೋಡಿಕೊಳ್ಳುವವರಿಗೂ ಕಲಿಸಿ ಹೋಗುವ ತರಬೇತುದಾರರೊಬ್ಬರು ಮೈಸೂರಿನಲ್ಲಿದ್ದಾರೆ. ಒಂದು ಕಾಲಕ್ಕೆ ಅಶ್ವದಳದಲ್ಲಿ ಕುದುರೆಗಳನ್ನು ಪಳಗಿಸುತ್ತಿದ್ದ ಅವರನ್ನು ಸುತ್ತಲಿನ ಕುದುರೆಯವರೆಲ್ಲ ಉಸ್ತಾದರೆಂದೇ ಕರೆಯುತ್ತಾರೆ. ಅವರಿಗೆ ಬೋರ್ಡಿಲ್ಲ, ಜಾಹೀರಾತಿಲ್ಲ; ಹೆಸರು ಹಾಕುವುದು ಬೇಡವೆಂದು ಅವರೇ ಕೇಳಿಕೊಂಡಿರುವುದರಿಂದ ನಾನೂ ಇಲ್ಲಿ ಉಸ್ತಾದರೆಂದೇ ಬರೆಯುತ್ತೇನೆ. ಮೈಸೂರಿನಲ್ಲಿ ಲಾಳ ಕಟ್ಟುವವರಲ್ಲಿ ಯಾರನ್ನು ಕೇಳಿದರೂ ಅವರ ಪತ್ತೆ ಸಿಗುತ್ತದೆ. ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮ ತೋಟದಲ್ಲಿರುವ ಮಾರ್ವಾಡಿ ಬೆರಕೆಯ ಹೆಣ್ಣು ಕುದುರೆ ಕೆಂಚಿಗೆ ಎರಡೂವರೆ ವರ್ಷ ತುಂಬಿದ ಸಮಯದಲ್ಲಿ ಅವರ ಸೇವೆಯನ್ನು ಪಡೆದೆವು. ಕೆಲವು ಕೊರತೆಗಳಿದ್ದರೂ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೇವೆ ಎಂಬುದು ನನ್ನ ತೀರ್ಮಾನ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮೈಸೂರಿಗೆ ಕುದುರೆ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ಗೆದ್ದ ಸವಾರರಲ್ಲಿ ಮೈಸೂರು ಸಂಸ್ಥಾನದ ಅಶ್ವಸೈನ್ಯವಾದ ಮೈಸೂರು ಲ್ಯಾನ್ಸರ್ಸ್ ದಳದವರಿದ್ದರು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ರೇಸ್ ಕೋರ್ಸ್ ಇದೆ. ಅರಮನೆಯ ಸುತ್ತ ಟಾಂಗಾಗಳು ಇಂದಿಗೂ ಓಡುತ್ತವೆ. ಜಂಬೂಸವಾರಿಯಲ್ಲಿ ಅಶ್ವಾರೋಹಿ ಪೊಲೀಸರಿಲ್ಲದೆ ಮೆರವಣಿಗೆ ಪೂರ್ಣವಾಗುವುದಿಲ್ಲ. ಇಷ್ಟೆಲ್ಲ ಇದ್ದರೂ, ತೋಟದ ಮೂಲೆಯಲ್ಲಿ ಒಂದೇ ಒಂದು ಕುದುರೆಯನ್ನು ಸಾಕಿಕೊಂಡಿರುವವರು ಅದಕ್ಕೆ ಮೊದಲ ಬಾರಿ ಕಡಿವಾಣ ಹಾಕುವುದನ್ನು ಕಲಿಯಬೇಕೆಂದರೆ ಹೋಗಿ ಕೇಳುವ ಜಾಗ ಸುಲಭವಾಗಿ ಸಿಗುವುದಿಲ್ಲ. ರೇಸಿನ ಲಾಯಗಳಿಗೆ ಅವರದೇ ಜನರಿರುತ್ತಾರೆ. ಸವಾರಿ ಶಾಲೆಗಳು ಪಳಗಿದ ಕುದುರೆಯ ಮೇಲೆ ಮನುಷ್ಯರಿಗೆ ಕಲಿಸುತ್ತವೆಯೇ ಹೊರತು ಕುದುರೆಗೆ ಕಲಿಸುವ ಕೆಲಸವನ್ನು ಹೊರಗಿನವರಿಗಾಗಿ ಒಪ್ಪಿಕೊಳ್ಳುವುದು ಕಡಿಮೆ. ಉಸ್ತಾದರು ತುಂಬುವುದು ಈ ಖಾಲಿ ಜಾಗವನ್ನು.

ಮೊದಲ ಭೇಟಿಯಲ್ಲಿ ಅವರು ಚೀಲದಿಂದ ಕಡಿವಾಣವನ್ನು ಹೊರಗೆ ತೆಗೆಯಲೇ ಇಲ್ಲ. ಹಾಲ್ಟರ್, ಅಂದರೆ ಬಾಯೊಳಗೆ ಸರಳಿಲ್ಲದ ತಲೆಪಟ್ಟಿ, ಹಾಕಿದ್ದ ಕೆಂಚಿಯನ್ನು ನೆರಳಿನಲ್ಲಿ ನಿಲ್ಲಿಸಿ, ಭುಜದ ಕಡೆಯಿಂದ ಹತ್ತಿರ ಹೋಗಿ, ತುಟಿಯನ್ನು ಎತ್ತಿ ಹಲ್ಲು ನೋಡಿದರು, ವಸಡನ್ನು ಬೆರಳಿನಿಂದ ಸವರಿದರು, ಕೆನ್ನೆಯ ಹೊರಗಿನಿಂದ ದವಡೆಯನ್ನು ಒತ್ತಿ ನೋಡಿದರು. “ಬಾಯಿ ನೋಡ್ದೆ ಕಡಿವಾಣ ಎತ್ಬಾರ್ದು ಸಾರ್. ನೋವಿರೋ ಬಾಯಿಗೆ ಏನ್ ಕಲಿಸಿದ್ರೂ ಅದು ನೋವನ್ನೇ ಕಲೀತದೆ” ಎಂದರು. ಬಿಟ್, ಅಂದರೆ ಕಡಿವಾಣದಲ್ಲಿ ಬಾಯೊಳಗೆ ಕೂರುವ ಕಬ್ಬಿಣದ ಸರಳು, ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲೇ ಇಲ್ಲದ ವಸಡಿನ ಮೇಲೆ ಬರುತ್ತದೆ. ಆದರೆ ಅನೇಕ ಕುದುರೆಗಳಲ್ಲಿ ಮೇಲಿನ ದವಡೆ ಹಲ್ಲಿನ ಮುಂದೆಯೇ, ವುಲ್ಫ್ ಟೂತ್ ಎಂದು ಕರೆಯುವ ಚಿಕ್ಕ ಗೊಡ್ಡು ಹಲ್ಲೊಂದು ಮೊದಲ ವರ್ಷದೊಳಗೇ ಹುಟ್ಟಿರುತ್ತದೆ. ಬಿಟ್ ಅದಕ್ಕೆ ತಾಗಿದಾಗಲೆಲ್ಲ ಕುದುರೆ ತಲೆ ಕೊಡವುತ್ತದೆ, ನೋಡುವವರು ಅದನ್ನು ಮೊಂಡುತನವೆಂದು ತಿಳಿಯುತ್ತಾರೆ. ಇದಲ್ಲದೆ ಎರಡೂವರೆ ವರ್ಷವೆಂದರೆ ಕುದುರೆಗೆ ನಡುವಿನ ಮುಂದಿನ ಹಾಲುಹಲ್ಲುಗಳು ಬೀಳುವ, ಮೊದಲ ದವಡೆ ಹಲ್ಲಿನ ಮೇಲಿನ ಹಾಲುಹಲ್ಲಿನ ಟೋಪಿ ಸಡಿಲವಾಗುವ ಕಾಲ. ಮುಂದಿನ ಹಲ್ಲುಗಳ ಪಕ್ಕದ ಜೋಡಿಗಳು ಮೂರೂವರೆ ಮತ್ತು ನಾಲ್ಕೂವರೆ ವರ್ಷದ ಹೊತ್ತಿಗೆ ಬದಲಾಗುತ್ತವೆ. ಕಡಿವಾಣ ಕಲಿಸಲು ಜನ ಆರಿಸಿಕೊಳ್ಳುವ ವಯಸ್ಸೂ, ಬಾಯಿ ನೋಯುವ ವಯಸ್ಸೂ ಒಂದೇ ಆಗಿರುವುದು ಕುದುರೆಯ ದುರದೃಷ್ಟ.

ಕೆಂಚಿಯ ಎಡಬದಿಯಲ್ಲಿ ಅಂಥ ಗೊಡ್ಡು ಹಲ್ಲು ಇತ್ತು. ಉಸ್ತಾದರು ತಾವೇ ಅದಕ್ಕೆ ಕೈ ಹಾಕಲು ಒಪ್ಪಲಿಲ್ಲ. ಮಂಪರು ಬರಿಸುವ ಮದ್ದನ್ನೂ ಸ್ಥಳೀಯ ಅರಿವಳಿಕೆಯನ್ನೂ ಕೊಟ್ಟು ತೆಗೆಯುವ ಕೆಲಸ ಪಶುವೈದ್ಯರದು, ಅದರಲ್ಲಿಯೂ ಕುದುರೆಯ ಬಾಯಿ ನೋಡಿ ಅಭ್ಯಾಸವಿರುವವರದು ಎಂದು ಹೇಳಿ, ಗಾಯ ಮಾಯ್ದ ಮೇಲೆ ಕರೆಯಿರಿ ಎಂದು ಹೊರಟುಬಿಟ್ಟರು. ಆ ಭೇಟಿಗೂ ಅವರು ಪೂರ್ತಿ ಶುಲ್ಕ ತೆಗೆದುಕೊಂಡರು; ಅದನ್ನು ಕೇಳಿ ಹುಬ್ಬೇರಿಸಿದವರು ನಮ್ಮ ಮನೆಯಲ್ಲಿಯೇ ಇದ್ದಾರೆ. ನನಗೆ ಮಾತ್ರ ಇಡೀ ಸೇವೆಯಲ್ಲಿ ಅತ್ಯಂತ ಬೆಲೆಬಾಳುವ ಭೇಟಿ ಅದೇ ಎನ್ನಿಸಿದೆ. ಇಕ್ಕಳ ಹಿಡಿದು ಹಲ್ಲು ಕೀಳಲು ಸಿದ್ಧರಿರುವ ‘ತಜ್ಞರು’ ನಮ್ಮ ಕಡೆ ಕಡಿಮೆಯಿಲ್ಲ, ತನ್ನ ವಿದ್ಯೆಯ ಗಡಿ ಬಲ್ಲ ಕೆಲಸಗಾರ ಸಿಗುವುದು ಅಪರೂಪ.

ಮಂಡ್ಯ ಸೀಮೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ಸಾಕಿದ ಮನೆಗಳಲ್ಲಿ ಬೆಳೆದವರಿಗೆ ಪ್ರಾಣಿಯನ್ನು ಹಿಡಿತಕ್ಕೆ ತರುವುದೆಂದರೆ ಮೂಗುದಾರ. ಒಂದು ದಿನ ನಾಲ್ಕು ಜನ ಹಿಡಿದು ಮೂಗು ಚುಚ್ಚಿದರೆ ಆ ಕೆಲಸ ಅಲ್ಲಿಗೆ ಮುಗಿಯಿತು, ದಾರ ಅಲ್ಲಿಯೇ ಇರುತ್ತದೆ. ಕಡಿವಾಣದ ವಿಷಯ ಹಾಗಲ್ಲ. ಅದು ದಿನವೂ ಏರಬೇಕು, ದಿನವೂ ಇಳಿಯಬೇಕು. ಇಂದು ಬಲವಂತದಿಂದ ತುರುಕಿದರೆ ನಾಳೆ ಕುದುರೆ ತಲೆಯನ್ನು ಇನ್ನೊಂದು ಗೇಣು ಮೇಲೆತ್ತುತ್ತದೆ, ಮತ್ತು ಕುದುರೆಯ ಕತ್ತಿನ ಉದ್ದ ಯಾವ ಮನುಷ್ಯನ ತೋಳಿಗೂ ಎಟುಕುವಂಥದ್ದಲ್ಲ. ಹೀಗಾಗಿ ಕುದುರೆ ತಾನಾಗಿ ತಲೆ ತಗ್ಗಿಸಿ, ತಾನಾಗಿ ಬಾಯಿ ತೆರೆಯುವುದು ಒಂದು ಸೌಜನ್ಯದ ಮಾತಲ್ಲ, ಪ್ರತಿದಿನದ ಅಗತ್ಯ. ಉಸ್ತಾದರ ಇಡೀ ಪಾಠ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಹಲ್ಲಿನ ಗಾಯ ಮಾಯ್ದ ನಂತರ ಅವರು ಎತ್ತಿಕೊಂಡ ವಿಷಯ ಕಿವಿ. ಕೆಂಚಿಯನ್ನು ನಮಗೆ ಮಾರಿದವರು ಲಾಳ ಕಟ್ಟಿಸುವಾಗಲೋ ಚುಚ್ಚುಮದ್ದು ಹಾಕಿಸುವಾಗಲೋ ಅದರ ಕಿವಿಯನ್ನು ಹಿಡಿದು ತಿರುಚಿ ನಿಲ್ಲಿಸುತ್ತಿದ್ದರೆಂದು ಕಾಣುತ್ತದೆ; ಕಿವಿಯ ಕಡೆ ಕೈ ಹೋದರೆ ಅದು ಹಿಂದಕ್ಕೆ ಹಾರುತ್ತಿತ್ತು. ಮಾರ್ವಾಡಿ ತಳಿಯ ಕಿವಿಗಳು ತುದಿಯಲ್ಲಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತಿರುವುದರಿಂದ, ಕಡಿವಾಣದ ನೆತ್ತಿಪಟ್ಟಿಯನ್ನು ದಾಟಿಸುವಾಗ ಅವು ಮಡಚಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಉಸ್ತಾದರು ಮೊದಲು ಕಿವಿಯೊಳಗೆ ಉಣ್ಣಿ ಹುಳುವಿದೆಯೇ, ಹುಣ್ಣಿದೆಯೇ ಎಂದು ಬೆಳಕು ಬಿಟ್ಟು ನೋಡಿದರು. ಆಮೇಲೆ ಕತ್ತಿನ ನಡುಭಾಗದಲ್ಲಿ ಅಂಗೈಯಿಟ್ಟು, ಕುದುರೆ ಸಹಿಸುವ ಜಾಗದಿಂದ ಸಹಿಸದ ಜಾಗದ ಅಂಚಿನವರೆಗೆ ಕೈಯನ್ನು ಜಾರಿಸಿ, ಅದು ಗಾಬರಿಯಾಗುವ ಮೊದಲೇ ಹಿಂದಕ್ಕೆ ತರುವ ಕ್ರಮವನ್ನು ಆರಂಭಿಸಿದರು.

ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಗಮನಿಸದವರು ಎಷ್ಟು ದಿನ ಸವರಿದರೂ ಫಲವಿಲ್ಲ. ಕುದುರೆ ತಲೆ ಎತ್ತಿದ ಕ್ಷಣದಲ್ಲಿ ಕೈ ತೆಗೆದರೆ, ತಲೆ ಎತ್ತಿದರೆ ಕಾಟ ತಪ್ಪುತ್ತದೆ ಎಂಬುದನ್ನೇ ಅದು ಕಲಿಯುತ್ತದೆ. ಆದ್ದರಿಂದ ತಲೆ ಮೇಲೆ ಹೋದರೆ ಕೈಯೂ ಒತ್ತಡವಿಲ್ಲದೆ ಅದರೊಂದಿಗೇ ಮೇಲೆ ಹೋಗಬೇಕು, ತಲೆ ಒಂದಂಗುಲ ಇಳಿದರೂ ಸಾಕು, ಆ ಕ್ಷಣಕ್ಕೇ ಕೈ ಹೊರಡಬೇಕು. ನೆತ್ತಿಯ ಮೇಲೆ ಎರಡು ಬೆರಳಿನ ಭಾರವಿಟ್ಟು, ತಲೆ ತಗ್ಗಿದ ಕೂಡಲೇ ಭಾರವನ್ನು ತೆಗೆಯುವ ಇದೇ ಲೆಕ್ಕದಿಂದ, ಮನುಷ್ಯನ ಎದೆಮಟ್ಟಕ್ಕೆ ತಲೆ ತಗ್ಗಿಸಿ ನಿಲ್ಲುವುದನ್ನು ಕೆಂಚಿ ಕಲಿತಳು. ದಸರೆಗೆ ಮುಂಚೆ ಆನೆಗಳಿಗೂ ಕುದುರೆಗಳಿಗೂ ಕುಶಾಲತೋಪಿನ ಸದ್ದನ್ನು ತಾಲೀಮಿನಲ್ಲಿ ಒಗ್ಗಿಸುವುದನ್ನು ಮೈಸೂರಿನವರು ಬಲ್ಲರು. ಏಳು ಫಿರಂಗಿಗಳು ಮೂರು ಸುತ್ತಿನಲ್ಲಿ ಇಪ್ಪತ್ತೊಂದು ಬಾರಿ ಸಿಡಿಯುವ ದಿನ ಅವು ಬೆದರದಿರುವುದು ಆ ಅಭ್ಯಾಸದಿಂದ. ಕಿವಿಯ ಬಳಿಗೆ ಹೋಗುವ ಕೈಗೂ ಅದೇ ವಿದ್ಯೆ ಎಂದು ಉಸ್ತಾದರು ಹೇಳುತ್ತಾರೆ. ಹದಿನೈದು ನಿಮಿಷ ಮೀರಿ ಅವರು ಒಮ್ಮೆಯೂ ಕೆಲಸ ಮಾಡಲಿಲ್ಲ; ಕುದುರೆ ಚೆನ್ನಾಗಿ ಮಾಡಿದ ಗಳಿಗೆಯಲ್ಲಿಯೇ ನಿಲ್ಲಿಸಿ, ಹಾಲ್ಟರ್ ಬಿಚ್ಚಿ, ಉಳಿದ ಸಮಯವನ್ನು ನಮಗೆ ಪಾಠ ಹೇಳಲು ಬಳಸಿದರು.

ಕಡಿವಾಣ ಕೊನೆಗೂ ಹೊರಗೆ ಬಂದಾಗ ಅದು ಬಿಡಿಬಿಡಿಯಾಗಿತ್ತು. ಮೊದಲು ಬಿಟ್ ಇಲ್ಲದ, ಲಗಾಮಿಲ್ಲದ ಬರೀ ನೆತ್ತಿಪಟ್ಟಿಯನ್ನು ಹಾಲ್ಟರಿನ ಮೇಲೆ ಹಾಕಿ ತೆಗೆದರು. ಅದಕ್ಕೆ ಕೆಂಚಿ ಕಣ್ಣು ಮಿಟುಕಿಸದಂತಾದ ಮೇಲೆ ಬಿಟ್ ಸೇರಿತು. ಬಿಟ್ ಒಪ್ಪಿಸುವ ರೀತಿಯನ್ನು ಅವರು ನಮ್ಮ ಲಾಯದ ಹುಡುಗನಿಗೆ ಕೈಹಿಡಿದು ಕಲಿಸಿದರು: ಕುದುರೆಯ ಎಡಭುಜದ ಪಕ್ಕದಲ್ಲಿ ಅದು ನೋಡುವ ದಿಕ್ಕಿಗೇ ಮುಖ ಮಾಡಿ ನಿಂತು, ಬಲಗೈಯನ್ನು ಅದರ ಮುಖದ ಆಚೆಯಿಂದ ತಂದು ಕಡಿವಾಣವನ್ನು ಎತ್ತಿ ಹಿಡಿದು, ಎಡ ಅಂಗೈಯ ಮೇಲೆ ಬಿಟ್ ಮಲಗಿಸಿ ತುಟಿಗೆ ತಂದು, ಹೆಬ್ಬೆರಳನ್ನು ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಜಾಗಕ್ಕೆ ತೂರಿಸಿ, ನಾಲಿಗೆ ಆಡಿ ಬಾಯಿ ತೆರೆಯುವವರೆಗೆ ಕಾಯುವುದು. ಮುಂದಿನ ಹಲ್ಲುಗಳಿಗೆ ಕಬ್ಬಿಣವನ್ನು ಒತ್ತಿ ಬಾಯಿ ತೆರೆಸುವುದು ಅವರ ಲೆಕ್ಕದಲ್ಲಿ ದೊಡ್ಡ ಅಪರಾಧ. ಕುದುರೆಗೆ ತನ್ನ ಹಣೆಯ ನೇರ ಮುಂದೆ, ಮೂತಿಯ ಕೆಳಗೆ ಇರುವುದು ಕಾಣುವುದಿಲ್ಲ. ಕಾಣದ ಜಾಗದಿಂದ ಬಂದ ಲೋಹ ಹಲ್ಲಿಗೆ ಬಡಿದರೆ ಅದು ಬೆದರುವುದು ಸಹಜ.

ಬೆಲ್ಲದ ವಿಷಯದಲ್ಲಿ ಅವರದು ಮಧ್ಯಮ ಮಾರ್ಗ. ಮಂಡ್ಯದ ಅಚ್ಚುಬೆಲ್ಲವನ್ನು ನೀರಿನಲ್ಲಿ ಕದಡಿ ಬಿಟ್ ಮೇಲೆ ತೆಳುವಾಗಿ ಸವರುತ್ತಾರೆ, ಮೊದಲ ಕೆಲವು ದಿನ ಮಾತ್ರ. ಕುದುರೆ ಲೋಹವನ್ನು ನಾಲಿಗೆಯಿಂದ ಹುಡುಕಲು ಅದು ನೆರವಾಗುತ್ತದೆ ಎಂಬುದು ನಿಜ. ಆದರೆ ಬೆಲ್ಲದಾಸೆಗೆ ಬಾಯಿ ತೆರೆದ ಕುದುರೆಗೆ ಕಿವಿಯ ಹೆದರಿಕೆ ಹಾಗೆಯೇ ಉಳಿದಿದ್ದರೆ, ಬಿಟ್ ಒಳಗೆ ಹೋಗಿ ಪಟ್ಟಿ ನೆತ್ತಿಗೇರುವ ಹೊತ್ತಿನಲ್ಲಿ ಅದು ತಲೆ ಎಸೆಯುತ್ತದೆ, ಅರ್ಧ ಏರಿದ ಕಡಿವಾಣ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬೆಲ್ಲ ಸವರಿದ ಬಿಟ್ಟನ್ನು ಪ್ರತಿಸಲ ತೊಳೆದಿಡಬೇಕೆಂಬುದನ್ನು ಉಸ್ತಾದರು ಹೇಳಲಿಲ್ಲ, ನಮ್ಮ ತೋಟದ ಇರುವೆಗಳು ಹೇಳಿದವು. ಧನುರ್ಮಾಸದ ಬೆಳಗಿನ ಚಳಿಯಲ್ಲಿ ಬಿಟ್ಟನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುವುದು ಮಾತ್ರ ಅವರೇ ಕಲಿಸಿದ್ದು.

ಹಾಕುವುದಕ್ಕಿಂತ ತೆಗೆಯುವುದಕ್ಕೆ ಹೆಚ್ಚು ಸಮಯ ಕೊಟ್ಟದ್ದು ನನಗೆ ತುಂಬ ಹಿಡಿಸಿತು. ಸವಾರಿ ಮುಗಿದ ಅವಸರದಲ್ಲಿ ನೆತ್ತಿಪಟ್ಟಿಯನ್ನು ಎಳೆದು ಕಡಿವಾಣ ಕಿತ್ತರೆ ಬಿಟ್ ಕೆಳಹಲ್ಲಿಗೆ ಬಡಿಯುತ್ತದೆ, ಕುದುರೆ ಹೆದರಿ ತಲೆ ಮೇಲೆತ್ತುತ್ತದೆ, ಆಗ ಬಿಟ್ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿ ಕಲಿತ ಕುದುರೆಯೂ ಹೀಗೆ ಎರಡು ಸಲ ಪೆಟ್ಟು ತಿಂದರೆ ಮರುದಿನ ಹಾಕಿಸಿಕೊಳ್ಳಲು ಹಿಂಜರಿಯುತ್ತದೆ. ನೆತ್ತಿಪಟ್ಟಿಯನ್ನು ಎರಡೂ ಕಿವಿಗಳಿಂದ ನಿಧಾನವಾಗಿ ಮುಂದಕ್ಕೆ ಜಾರಿಸಿ, ಕೈಯನ್ನು ಅಲ್ಲಿಯೇ ತಡೆದು, ಕುದುರೆ ತಾನೇ ಬಾಯಿ ತೆರೆದು ಬಿಟ್ಟನ್ನು ಉಗುಳುವವರೆಗೆ ಕಾಯಬೇಕು. ನಮ್ಮ ಹುಡುಗ ಇದನ್ನು ಸರಿಯಾಗಿ ಮಾಡುವವರೆಗೆ ಅವರು ಲಗಾಮನ್ನು ಜೋಡಿಸಲೇ ಬಿಡಲಿಲ್ಲ. ಕಡಿವಾಣ ಹಾಕಿದ ಕುದುರೆಯನ್ನು ಲಗಾಮಿನಿಂದ ಕಂಬಕ್ಕೆ ಕಟ್ಟಬಾರದೆಂಬ ನಿಯಮವನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದರು. ಬೆದರಿ ಹಿಂದಕ್ಕೆ ಜಗ್ಗಿದರೆ ಸೀಳುವುದು ಬಾಯಿ.

ಸಾಮಾನಿನ ಆಯ್ಕೆಯಲ್ಲಿ ಅವರ ಸಲಹೆ ಖಚಿತವಾಗಿತ್ತು, ಅದನ್ನು ಪಾಲಿಸಲು ನಾವು ಪಟ್ಟ ಪಾಡು ಬೇರೆ. ಬಾಯಿಯ ಅಗಲವನ್ನು ದಾರದಿಂದ ಅಳೆದು, ಬಿಟ್ ಎರಡೂ ಬದಿ ಸುಮಾರು 5 ಮಿಲಿಮೀಟರಿನಷ್ಟು ಹೊರಗಿರಬೇಕು, ಕೆಂಚಿಗೆ ಐದು ಇಂಚಿಗಿಂತ ಸ್ವಲ್ಪ ಕಡಿಮೆಯದು ಬೇಕು ಎಂದರು. ಮೈಸೂರಿನಲ್ಲಿ ನಾವು ಹೋದ ಅಂಗಡಿಯಲ್ಲಿ ದೊಡ್ಡ ಕುದುರೆಗಳ ಅಳತೆಯವು ಮಾತ್ರ ಇದ್ದವು; ಅಂಗಡಿಯವರು “ಕುದುರೆ ಬೆಳೀತದಲ್ಲ, ಇದೇ ತಗೊಳ್ಳಿ” ಎಂದು ಮಗುವಿಗೆ ಶಾಲೆಯ ಸಮವಸ್ತ್ರ ಮಾರುವ ಧಾಟಿಯಲ್ಲಿ ಮಾತಾಡಿದರು. ಅಗಲ ಹೆಚ್ಚಾದ ಬಿಟ್ ಬಾಯಲ್ಲಿ ಅತ್ತಿತ್ತ ಜಾರಿ, ನಡುವಿನ ಕೀಲು ಒಂದು ಬದಿಗೆ ಬಂದು ಚುಚ್ಚುತ್ತದೆ. ಕೊನೆಗೆ ಕಾನ್ಪುರದಿಂದ ತರಿಸಿಕೊಂಡೆವು. ದೇಶದ ಕುದುರೆ ಸಾಮಾನಿನ ಬಹುಪಾಲು ಕೆಲಸ ನಡೆಯುವ ಊರು ಅದು. ದಪ್ಪ ಬಿಟ್ ಮೆದುವೆಂಬ ನಂಬಿಕೆಯನ್ನು ಉಸ್ತಾದರು ಒಪ್ಪುವುದಿಲ್ಲ. ಚಿಕ್ಕ ಬಾಯಲ್ಲಿ ನಾಲಿಗೆ ಈಗಾಗಲೇ ಜಾಗ ತುಂಬಿಕೊಂಡಿರುವುದರಿಂದ ದಪ್ಪ ಸರಳು ಅದನ್ನು ಒತ್ತಿ ಹಿಡಿಯುತ್ತದೆ ಎಂಬ ಅವರ ವಾದ ಸರಿಯಾದದ್ದೇ. ಲೇಪನ ಏಳುವ ಅಗ್ಗದ ಬಿಟ್ ಬೇಡ, ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು ಎಂಬುದೂ ಅವರ ಪಟ್ಟು. ಮೂಗುಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಗಂಟಲಪಟ್ಟಿಯೊಳಗೆ ಮುಷ್ಟಿ ಆಡಬೇಕು.

ಸಂತೆ, ಜಾತ್ರೆಗಳಲ್ಲಿ ಈಗಲೂ ಅಲ್ಲಲ್ಲಿ ಕಾಣುವ ಮುಳ್ಳಿನ ಬಿಟ್ಟನ್ನು ಅವರು ಕೈಯಲ್ಲಿ ಮುಟ್ಟುವುದೂ ಇಲ್ಲ. ಅದು ಬರೀ ಅವರ ಅಭಿರುಚಿಯ ಮಾತಲ್ಲ: ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯಲು ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳು ಮುಳ್ಳು ಅಥವಾ ಗುಬಟುಗಳಿರುವ ಬಿಟ್ಟನ್ನೂ ಸಾಮಾನನ್ನೂ ಸ್ಪಷ್ಟವಾಗಿ ನಿಷೇಧಿಸಿವೆ. ನೋವಿನಿಂದ ನಿಲ್ಲುವ ಕುದುರೆ, ನೋವಿಗೆ ಒಗ್ಗಿದ ದಿನ ಯಾವುದಕ್ಕೂ ನಿಲ್ಲುವುದಿಲ್ಲ.

ಇನ್ನು ಕೊರತೆಗಳು. ಉಸ್ತಾದರು ಏನನ್ನೂ ಬರೆದುಕೊಡುವುದಿಲ್ಲ. ಮುಂದಿನ ಭೇಟಿಯವರೆಗೆ ಏನು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಬಾಯಿಮಾತು. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಕೇಳಿದಾಗ ಒಪ್ಪಿದರಾದರೂ ಅಷ್ಟು ಖುಷಿಯಿಂದಲ್ಲ. ಶುಲ್ಕವನ್ನು ಭೇಟಿಯ ಲೆಕ್ಕದಲ್ಲಿ ಹೇಳುತ್ತಾರೆ, ಒಟ್ಟು ಎಷ್ಟು ಭೇಟಿ ಆಗಬಹುದೆಂದು ಕೇಳಿದರೆ “ಅದು ಕುದುರೆ ಹೇಳ್ಬೇಕು” ಎಂಬುದೇ ಉತ್ತರ. ಆ ಉತ್ತರದಲ್ಲಿ ಪ್ರಾಮಾಣಿಕತೆ ಇದೆ, ಆದರೆ ತಿಂಗಳ ಖರ್ಚು ಲೆಕ್ಕ ಹಾಕುವವರಿಗೆ ಅದರಿಂದ ಉಪಯೋಗವಿಲ್ಲ. ಕನಿಷ್ಠ ಒಂದು ಅಂದಾಜನ್ನಾದರೂ ಕೊಡಬೇಕಿತ್ತು. ಪಶುವೈದ್ಯರೊಂದಿಗೆ ಅವರೇ ನೇರವಾಗಿ ಮಾತಾಡಿದ್ದರೆ ನಾವು ನಡುವೆ ನಿಂತು ಇಬ್ಬರ ಮಾತನ್ನೂ ಅರ್ಧರ್ಧ ದಾಟಿಸುವುದು ತಪ್ಪುತ್ತಿತ್ತು.

ನನಗೆ ಒಪ್ಪಿಗೆಯಾಗದ ಇನ್ನೊಂದು ಸಂಗತಿ ಸುರಕ್ಷತೆಯದು. ತಲೆ ಎಸೆಯುವ ಎಳೆಯ ಕುದುರೆಯ ದವಡೆ ಪಕ್ಕದಲ್ಲಿ ನಿಂತವರ ಗಲ್ಲಕ್ಕೋ ಹಣೆಗೋ ಬಡಿಯಲು ಅರೆಕ್ಷಣ ಸಾಕು. ಹಾಗಿದ್ದೂ ಅವರು ಹೆಲ್ಮೆಟ್ ಧರಿಸುವುದಿಲ್ಲ, ಕಲಿಯುವ ಹುಡುಗನಿಗೂ ಧರಿಸೆಂದು ಹೇಳುವುದಿಲ್ಲ. ನಲವತ್ತು ವರ್ಷದ ಅನುಭವ ಅವರ ತಲೆಯನ್ನು ಕಾಯಬಹುದು. ಮೊನ್ನೆಯವರೆಗೆ ಹಸು ಮೇಯಿಸುತ್ತಿದ್ದ ಹುಡುಗನ ತಲೆಗೆ ಆ ಕಾವಲಿಲ್ಲ. ನಾವು ಸವಾರಿಯ ಹೆಲ್ಮೆಟ್ ತಂದು ಅವನಿಗೆ ಕಡ್ಡಾಯ ಮಾಡಿದೆವು, ಉಸ್ತಾದರು ಅದಕ್ಕೆ ನಕ್ಕರು, ಅಡ್ಡಿ ಮಾಡಲಿಲ್ಲ.

ಈಗ ಕೆಂಚಿ ಕಡಿವಾಣವನ್ನು ಕಂಡರೆ ತಲೆ ತಗ್ಗಿಸುತ್ತಾಳೆ. ಬಲಕಿವಿಯ ಬಳಿ ಪಟ್ಟಿ ಹೋಗುವಾಗ ಇನ್ನೂ ಒಮ್ಮೊಮ್ಮೆ ಬಿಗಿಯಾಗುತ್ತಾಳೆ, ಅದರಲ್ಲೂ ಹೊಸಬರು ಹಾಕಿದಾಗ. ಪೂರ್ತಿ ಹೋಗಲು ಕಾಲ ಬೇಕೆಂದು ಉಸ್ತಾದರೇ ಹೇಳಿದ್ದಾರೆ. ಬೇಗನೆ ಸವಾರಿಗೆ ಬೇಕು, ಜಾತ್ರೆಯೊಳಗೆ ತಯಾರು ಮಾಡಿಕೊಡಿ ಎನ್ನುವವರಿಗೆ ಇವರ ಸೇವೆ ಹೊಂದುವುದಿಲ್ಲ, ಉಸ್ತಾದರೂ ಅಂಥ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. ಕುದುರೆಯ ಬಳಿ ದಿನವೂ ನಿಲ್ಲುವ ಮನೆಯವರೊಬ್ಬರು ಪಾಠದ ಹೊತ್ತಿಗೆ ಹಾಜರಿರಲೇಬೇಕೆಂಬುದೂ ಅವರ ಷರತ್ತು. ಅವರು ಬರುವುದು ಬೆಳಗ್ಗೆ ಬಿಸಿಲೇರುವ ಮೊದಲು ಮಾತ್ರ. ಮೈಸೂರಿನಿಂದ ದೂರವಾದಷ್ಟೂ ಪೆಟ್ರೋಲಿನ ಖರ್ಚು ಶುಲ್ಕದ ಮೇಲೆ ಸೇರುತ್ತದೆ, ಹೀಗಾಗಿ ಮದ್ದೂರು, ಮಳವಳ್ಳಿಯ ಕಡೆಯವರು ಅದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅವರನ್ನು ಕರೆಯುವ ಮುಂಚೆ ಪಶುವೈದ್ಯರಿಂದ ಕುದುರೆಯ ಹಲ್ಲು ನೋಡಿಸಿಟ್ಟುಕೊಂಡರೆ ಮೊದಲ ಭೇಟಿಯ ಶುಲ್ಕ ಉಳಿಯುತ್ತದೆ. ದಸರೆಯ ಹಿಂದುಮುಂದಿನ ವಾರಗಳಲ್ಲಿ ಅವರು ಎಲ್ಲಿಗೂ ಬರುವುದಿಲ್ಲ.